ಎಡಗಡೆ ಮುಂದಿನ ಚಕ್ರ

ನಾವು ಕಾರಿನ ಚಕ್ರದ ಗೀರು ತೆಗೆಯುವವರು. ಭದ್ರಾವತಿಯಲ್ಲಿ ಹೈವೇ ಪಕ್ಕ ತಗಡಿನ ಶೆಡ್ಡು, ಒಂದು ಕಂಪ್ರೆಸರ್, ಎರಡು ಜಾಕು. ಅಂಗಡಿ ಉಸ್ತಾದರದು. ಅವರು ಡೆಂಟಿಂಗ್ ನೋಡಿಕೊಳ್ಳುತ್ತಾರೆ, ಚಕ್ರದ ಕೆಲಸವೆಲ್ಲ ನನ್ನದು.

ಅಲಾಯ್ ಚಕ್ರ ನೋಡಲು ಚೆಂದ, ತಾಳಿಕೆ ಕಡಿಮೆ. ಫುಟ್‌ಪಾತ್ ಕಲ್ಲಿಗೆ ಒಂದು ಸಲ ಉಜ್ಜಿದರೆ ಅಂಚು ಇಲಿ ಕಡಿದ ಹಾಗೆ ಆಗುತ್ತದೆ. ಶಿವಮೊಗ್ಗದಲ್ಲಿ ರಸ್ತೆ ಬದಿಗೆ ಚೂಪು ಅಂಚಿನ ಹೊಸ ಕಲ್ಲು ಹಾಕಿದ ಮೇಲೆ ನಮಗೆ ಕೆಲಸ ಜಾಸ್ತಿಯಾಯಿತು. ಚಕ್ರ ಬಿಚ್ಚಬೇಕು, ತೊಳೆಯಬೇಕು, ತಿನ್ನರ್ ಹಾಕಿ ಒರೆಸಬೇಕು, ಎಮರಿ ಕಾಗದದಲ್ಲಿ ಉಜ್ಜಬೇಕು, ಹಳ್ಳವಿದ್ದರೆ ಪುಟ್ಟಿ ತುಂಬಿ ಮತ್ತೆ ಉಜ್ಜಬೇಕು. ಆಮೇಲೆ ಪ್ರೈಮರ್, ಬಣ್ಣ, ಕೊನೆಗೆ ಹೊಳಪಿನ ಕೋಟು. ಟೈರಿಗೆ ಬಣ್ಣ ಹಾರದಂತೆ ಟೈರಿಗೂ ರಿಮ್ಮಿಗೂ ನಡುವೆ ಸುತ್ತಲೂ ದಪ್ಪ ಕಾಗದ ಸಿಕ್ಕಿಸಬೇಕು. ನಾವು ಅದಕ್ಕೆ ಹಳೇ ಲಗ್ನಪತ್ರಿಕೆ ಇಟ್ಟುಕೊಂಡಿದ್ದೇವೆ. ಅಷ್ಟು ಗಟ್ಟಿ ಕಾಗದ ಬೇರೆ ಎಲ್ಲೂ ಪುಕ್ಕಟೆ ಸಿಗುವುದಿಲ್ಲ. ಒಂದು ಚಕ್ರಕ್ಕೆ ಮೂವತ್ತು ಪತ್ರಿಕೆ ಬೇಕು.

ಉಸ್ತಾದರದು ಒಂದೇ ಕಟ್ಟುನಿಟ್ಟು. ಗೀರು ಹೇಗಾಯಿತು ಎಂದು ಗಿರಾಕಿಯನ್ನು ಕೇಳಕೂಡದು.

"ನಮ್ಮತ್ರ ಬರೋರಲ್ಲಿ ಮುಕ್ಕಾಲು ಜನ ಕದ್ದು ಬರೋರು ಕಣೋ. ಮಗ ಅಪ್ಪಂಗೆ ಗೊತ್ತಾಗ್ದಂಗೆ ಬರ್ತಾನೆ, ಹೆಂಡ್ತಿ ಗಂಡಂಗೆ ಗೊತ್ತಾಗ್ದಂಗೆ ಬರ್ತಾಳೆ, ಡ್ರೈವರ್ರು ಸಾಹುಕಾರಂಗೆ ಗೊತ್ತಾಗ್ದಂಗೆ ಬರ್ತಾನೆ. ನೀನು ಬಾಯಿ ಬಿಟ್ರೆ ನಾಳೆ ಯಾರು ಬರ್ತಾರೆ? ಬಾಯಿಗೂ ಒಂದು ಕೋಟು ಪ್ರೈಮರ್ ಹೊಡ್ಕೋ."

ನಾನು ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಗೀರೇ ಹೇಳುತ್ತದೆ. ಕಲ್ಲಿಗೆ ತಾಗಿದ್ದು ಗೊತ್ತಾದ ಕೂಡಲೇ ಸ್ಟೀರಿಂಗ್ ಎಳೆದುಕೊಂಡರೆ ಗೀರು ಗಿಡ್ಡವಾಗಿರುತ್ತದೆ. ಶುರುವಿನಲ್ಲಿ ಆಳ, ಕೊನೆಯಲ್ಲಿ ತೆಳು. ಬೆಕ್ಕು ಪರಚಿ ಕೈ ಹಿಂದಕ್ಕೆ ಎಳೆದುಕೊಂಡ ಹಾಗೆ. ನೂರಕ್ಕೆ ತೊಂಬತ್ತು ಗೀರು ಹಾಗೇ ಇರುತ್ತವೆ.

ಒಬ್ಬ ಯಜಮಾನರ ಚಕ್ರದ ಗೀರು ಮಾತ್ರ ಹಾಗಿರಲಿಲ್ಲ.

ಅವರು ಮೊದಲ ಸಲ ಬಂದದ್ದು ಹೋದ ವರ್ಷ ಮಳೆ ನಿಂತ ಮೇಲೆ. ಶಿವಮೊಗ್ಗದ ನವುಲೆಯವರು. ಬಸ್ ಡ್ರೈವರ್ ಆಗಿ ರಿಟೈರ್ ಆದವರು. ಸರ್ವೀಸಿನಲ್ಲಿ ಒಂದೂ ಆಕ್ಸಿಡೆಂಟ್ ಮಾಡಿಲ್ಲ ಎಂದು ಬೆಳ್ಳಿ ಪದಕ ಕೊಟ್ಟಿದ್ದಾರಂತೆ. ಕಾರು ಮಗನದು. ಮಗನಿಗೆ ದಾವಣಗೆರೆಯಲ್ಲಿ ಕೆಲಸ, ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಬಸ್ಸಿಗೆ ಹೋಗುತ್ತಾನೆ. ಸೊಸೆ ಆಸ್ಪತ್ರೆಯಲ್ಲಿ ನರ್ಸು, ಬೆಳಗ್ಗೆ ಬೇಗ ಡ್ಯೂಟಿಗೆ ಹೋಗಬೇಕು. ಮೊಮ್ಮಗಳನ್ನು ಸ್ಕೂಲಿಗೆ ಬಿಡುವುದು, ಕರೆತರುವುದು ಅಜ್ಜನ ಕೆಲಸ. ಇದನ್ನೆಲ್ಲ ನಾನು ಕೇಳಲಿಲ್ಲ. ಅವರೇ ಸ್ಟೂಲ್ ಎಳೆದು ಕೂತು ಹೇಳಿದರು.

"ಶಿವಮೊಗ್ಗದಲ್ಲಿ ಮಾಡಿಸ್ಬೋದಿತ್ತು ಮಾರಾಯ. ಅಲ್ಲಿ ಎಲ್ಲ ಅಂಗಡಿಯೋರೂ ಮಗನ ದೋಸ್ತುಗಳು. ಸಂಜೆ ಒಳಗೆ ಅವನಿಗೆ ಫೋನ್ ಹೋಗತ್ತೆ. 'ಪದಕದ ಡ್ರೈವರ್ರು ಕಲ್ಲಿಗೆ ಉಜ್ಜಿದ್ರು' ಅಂತ ಆಡ್ಕೊಂಡು ನಗ್ತಾರೆ."

ನಾನು ಚಕ್ರ ಬಿಚ್ಚಿದೆ. ಎಡಗಡೆ ಮುಂದಿನದು. ಗೀರು ಪೂರ್ತಿ ಒಂದು ಸುತ್ತು ಬಂದಿತ್ತು. ಶುರು ಎಲ್ಲಿ, ಕೊನೆ ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಎಲ್ಲ ಕಡೆ ಒಂದೇ ಆಳ. ಕಲ್ಲಿಗೆ ಒತ್ತಿಕೊಂಡೇ ಗಾಡಿ ಹೋಗಿದೆ, ಸ್ಟೀರಿಂಗ್ ಹಿಡಿದವರು ತಿರುಗಿಸಿಲ್ಲ ಎಂದು ಅರ್ಥ. ರೇಡಿಯೋ ಜೋರಾಗಿ ಹಾಕಿಕೊಂಡಿರಬೇಕು ಎಂದುಕೊಂಡು ಉಜ್ಜಿ ಸರಿ ಮಾಡಿದೆ. ಹೊಸದರ ಹಾಗಾಯಿತು. ಅವರಿಗೆ ಖುಷಿಯಾಗಿ ನನ್ನ ಬೆನ್ನು ತಟ್ಟಿ ಹೋದರು.

ಎರಡನೇ ಸಲ ಬಂದದ್ದು ಮೂರು ತಿಂಗಳಿಗೆ. ಅದೇ ಚಕ್ರ, ಅದೇ ಪೂರ್ತಿ ಸುತ್ತು. ಮೂರನೇ ಸಲ ಒಂದೂವರೆ ತಿಂಗಳಿಗೆ ಬಂದರು. ಈ ಸಲ ಎಡಗಡೆ ಹಿಂದಿನ ಚಕ್ರವೂ ಉಜ್ಜಿತ್ತು. ಬಲಗಡೆ ಎರಡೂ ಚಕ್ರ ಶೋರೂಮಿನಿಂದ ಬಂದ ಹಾಗೇ ಇದ್ದವು. ಪ್ರತಿ ಸಲವೂ ಶುಕ್ರವಾರ ಬರುತ್ತಿದ್ದರು. ಮಾರನೇ ದಿನ ಮಗ ಬರುವುದರೊಳಗೆ ಬಣ್ಣ ಒಣಗಿರಬೇಕು.

"ಎಡಗಡೆ ಗೀರಾಗೋದು ಎಲ್ರಿಗೂ ಆಗತ್ತೆ ಬಿಡು. ಫುಟ್‌ಪಾತ್ ಎಡಗಡೆ ಇರತ್ತೋ ಇಲ್ಲ ಆಕಾಶದಲ್ಲಿರತ್ತೋ?" ಎಂದರು ಉಸ್ತಾದ್.

ಸರಿ ಎನಿಸಿತು. ಆದರೂ ಎಡಗಡೆ ಸೀಟಿನಲ್ಲಿ ಆ ಮೊಮ್ಮಗಳು ಕೂರುತ್ತಾಳೆ ಎಂಬುದು ತಲೆಯಿಂದ ಹೋಗಲಿಲ್ಲ. ಅವಳನ್ನು ನಾನು ಆಗಿನ್ನೂ ನೋಡಿರಲಿಲ್ಲ. ಸೀಟಿನ ಮೇಲೆ ಅವಳ ಗುಲಾಬಿ ನೀರಿನ ಬಾಟಲಿ ಬಿದ್ದಿರುತ್ತಿತ್ತು.

ನಾಲ್ಕನೇ ಸಲ ಬಂದಾಗ ನನಗೆ ಗೊತ್ತಾಯಿತು. ಲಗ್ನಪತ್ರಿಕೆಯಿಂದ ಗೊತ್ತಾಯಿತು.

ನಾನು ಟೈರಿನ ಸುತ್ತ ಪತ್ರಿಕೆ ಸಿಕ್ಕಿಸುತ್ತಿದ್ದೆ. ಯಜಮಾನರು ಸುಮ್ಮನೆ ಕೂರಲಾರದೆ ಕಟ್ಟಿನಿಂದ ಒಂದು ಪತ್ರಿಕೆ ತೆಗೆದು ಓದತೊಡಗಿದರು. ಓದಿ ನಕ್ಕರು.

"ಎಂಥಾ ಪ್ರಿಂಟಿಂಗೋ ಇದು! ಹುಡುಗಿ ಹೆಸ್ರು ಹಾಕಿದಾರೆ, ಹುಡುಗನ ಹೆಸ್ರೇ ಬಿಟ್ಟಿದಾರೆ. ಯಾರನ್ನ ಮದ್ವೆ ಆದ್ಳೋ ಪಾಪ."

ಉಸ್ತಾದರೂ ನಕ್ಕರು. "ಒಳ್ಳೇದಾಯ್ತು ಬಿಡಿ ಡ್ರೈವರ್ ಸಾಬ್. ಗಂಡ ಇಲ್ದಿರೋ ಮದ್ವೆಲಿ ಜಗಳ ಇರಲ್ಲ."

ಪತ್ರಿಕೆ ಇಸಕೊಂಡು ನೋಡಿದೆ. ಹುಡುಗನ ಹೆಸರು ಇತ್ತು. ದಪ್ಪ ಅಕ್ಷರದಲ್ಲಿ, ಚಿನ್ನದ ಬಣ್ಣದಲ್ಲಿ, ಎಡಗಡೆ. ಬಲಗಡೆ ಹುಡುಗಿಯ ಹೆಸರು.

ನಾನು ನಗಲಿಲ್ಲ. ಮತ್ತೊಂದು ಪತ್ರಿಕೆ ಕೊಟ್ಟು, "ಇದ್ರಲ್ಲಿ ಓದಿ ಯಜಮಾನ್ರೇ" ಎಂದೆ.

"ಇದ್ರಲ್ಲೂ ಇಲ್ಲ!" ಎಂದು ಮತ್ತೆ ನಕ್ಕರು. ಅಷ್ಟರಲ್ಲಿ ತಲೆಯನ್ನು ಪೂರ್ತಿ ಎಡಕ್ಕೆ ಹೊರಳಿಸಿದವರು ನಗು ನಿಲ್ಲಿಸಿದರು. "ಓ, ಇಲ್ಲಿದೆ" ಎಂದು ಪತ್ರಿಕೆಯನ್ನು ಕಟ್ಟಿನ ಕೆಳಗೆ ಇಟ್ಟುಬಿಟ್ಟರು. ನಾನು ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು. "ಬಿಸಿಲಿಗೆ ಕಣ್ಣು ಮಂಜಾಗತ್ತೆ" ಎಂದರು. ಶೆಡ್ಡಿನೊಳಗೆ ಬಿಸಿಲು ಇರಲಿಲ್ಲ.

ಚಕ್ರ ಹಾಕಿ ಮುಗಿದ ಮೇಲೆ ಬೇಕೆಂದೇ ಕೀಯನ್ನು ಅವರ ಎಡಗಡೆಯಿಂದ ಚಾಚಿದೆ. ಅವರು ಎದುರಿಗೆ ನೋಡುತ್ತ, "ಕೀ ಕೊಡೋ" ಎಂದರು. ಕೀ ಅವರ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಬಲಗಡೆಗೆ ಹೋಗಿ ಕೊಟ್ಟೆ. ಆಗ ತೆಗೆದುಕೊಂಡರು. ಗಾಡಿಯನ್ನು ಹಿಂದಕ್ಕೆ ತೆಗೆದು, ಲಾರಿಗಳ ನಡುವೆ ಜಾಗ ನೋಡಿ ಶಿವಮೊಗ್ಗ ಕಡೆ ಹೋದರು. ಡ್ರೈವಿಂಗ್ ನೋಡಿದರೆ ಯಾರೂ ತಪ್ಪು ಹುಡುಕಲಾರರು. ಅಷ್ಟು ನಯ.

ಉಸ್ತಾದರಿಗೆ ಹೇಳಿದೆ. ಅವರು ಬೀಡಿ ಹಚ್ಚಿದರು.

"ನೀನು ಕಣ್ಣಿನ ಡಾಕ್ಟ್ರಾ? ಅವ್ರಿಗೆ ಮಗ ಇದಾನೆ, ಸೊಸೆ ನರ್ಸು. ಮನೆಯೋರಿಗೆ ಗೊತ್ತಾಗ್ದೇ ಇರೋದು ನಿಂಗೆ ಗೊತ್ತಾಯ್ತಾ?"

"ಮನೆಯೋರಿಗೆ ಗೊತ್ತಾಗ್ದಂಗೆ ಮಾಡ್ತಿರೋದೇ ನಾವು ಭಾಯ್."

"ಸುಮ್ನೆ ಕೆಲ್ಸ ನೋಡು."

ನೋಡಿದೆ. ಹಾಗೆ ನೋಡಿದ್ದು ತಪ್ಪು. ಆ ತಪ್ಪು ನನ್ನದು, ಉಸ್ತಾದರ ಮೇಲೆ ಹಾಕುವುದಿಲ್ಲ.

ಐದನೇ ಸಲ ಅವರು ಬಂದದ್ದು ಎರಡೇ ವಾರಕ್ಕೆ. ಎಂದಿನ ಹಾಗೆ ನಗುತ್ತ ಇಳಿದರು. "ನಿಮ್ಮ ಅಂಗ್ಡಿಗೆ ಪಾಸ್ ಮಾಡಿಸ್ಬೇಕು ಕಣ್ರೋ, ಬಸ್ ಪಾಸಿನ ಥರ" ಎಂದರು.

ನಾನು ಕೂತು ಚಕ್ರ ನೋಡಿದೆ. ಈ ಸಲ ಕಲ್ಲಿನ ಗೀರು ಕಡಿಮೆ. ಅಂಚಿನಿಂದ ನಡುವಿನವರೆಗೆ ನೀಲಿ ಬಣ್ಣ ಬಳಿದುಕೊಂಡಿತ್ತು. ಗಾಢ ನೀಲಿ. ಫುಟ್‌ಪಾತ್ ಕಲ್ಲಿಗೆ ಹಳದಿ, ಕಪ್ಪು ಬಳಿಯುತ್ತಾರೆ. ನೀಲಿ ಬಳಿಯುವುದಿಲ್ಲ. ಚಕ್ರದ ಕಡ್ಡಿಗಳ ನಡುವೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿತ್ತು. ತೆಗೆದು ನೋಡಿದೆ. ಸೈಕಲ್ ಪೆಡಲಿಗೆ ಇರುತ್ತದಲ್ಲ, ಲೈಟು ಬಿದ್ದರೆ ಹೊಳೆಯುವುದು, ಅದು.

ಆ ಒಂದು ಸಲ ಉಸ್ತಾದರ ಮಾತು ಮೀರಿದೆ.

"ಯಜಮಾನ್ರೇ, ಏನಾಗಿದ್ದು ಇದು?"

"ಎಂಥದ್ದು?"

"ಸೈಕಲ್ಲಿಗೆ ತಾಗಿದ್ಯಾ?"

"ಇಲ್ಲಪ್ಪ. ಎಂಥ ಸೈಕಲ್ಲು? ಕಲ್ಲಿಗೇ ಇರ್ಬೇಕು, ಸ್ಕೂಲಿನ ಹತ್ರ ಕಿರ್ ಅಂದಂಗಾಯ್ತು. ಹಿಂದಿನ ಗಾಡಿಯೋನು ಹಾರನ್ ಮೇಲೆ ಹಾರನ್ ಹೊಡೀತಿದ್ದ, ಅವಸರದ ನಾಯಿ."

ಸುಳ್ಳು ಹೇಳುವವರ ಮುಖ ನನಗೆ ಗೊತ್ತು. ದಿನಾ ನೋಡುತ್ತೇನೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಏನೂ ಆಗಿಲ್ಲ ಎಂದೇ ನಂಬಿದ್ದರು. ಹಿಂದಿನ ಗಾಡಿಯವನು ಯಾಕೆ ಹಾರನ್ ಹೊಡೆದ ಎಂಬುದು ಅವರಿಗೆ ಗೊತ್ತೇ ಆಗಿರಲಿಲ್ಲ.

ಆದರೂ ಕೆಲಸ ಮಾಡಿದೆ. ಬಟ್ಟೆಗೆ ತಿನ್ನರ್ ಹಾಕಿ ಒರೆಸಿದೆ. ನೀಲಿಯೆಲ್ಲ ಬಟ್ಟೆಗೆ ಬಂತು. ಒಂದು ನಿಮಿಷವೂ ಹಿಡಿಯಲಿಲ್ಲ. ಬಟ್ಟೆಯನ್ನು ಕಸದ ಡಬ್ಬಕ್ಕೆ ಹಾಕಿದೆ. ಕಿತ್ತಳೆ ಚೂರನ್ನೂ ಅದಕ್ಕೇ ಹಾಕಿದೆ.

ಅವರು ಹೋದ ಮೇಲೆ ಉಸ್ತಾದರಿಗೆ ಹೇಳಿದಾಗ, "ನಿಂತಿರೋ ಸೈಕಲ್ಲಿಗೆ ತಾಗಿರತ್ತೆ. ಗೋಡೆಗೆ ಒರಗಿಸಿ ಹೋಗಿರ್ತಾರೆ" ಎಂದರು. ಇರಬಹುದು. ಆದರೆ ಆ ವಾರವೆಲ್ಲ ನೀಲಿ ಸೈಕಲ್ ಕಂಡರೆ ಪೆಡಲ್ ನೋಡುವುದು ನನಗೆ ಚಟವಾಯಿತು. ಬಾಡಿಗೆ ರೂಮಿನ ಪಕ್ಕದ ಸೈಕಲ್ ಶಾಪಿನವನನ್ನು ಸುಮ್ಮನೆ ಮಾತಾಡಿಸಿದ ಹಾಗೆ ಮಾಡಿ, "ಶಿವಮೊಗ್ಗ ಕಡೆ ಸೈಕಲ್ ಆಕ್ಸಿಡೆಂಟ್ ಏನಾದ್ರೂ ಆಯ್ತಂತಾ?" ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, "ದಿನಾ ಆಗ್ತಾವೆ. ಯಾಕೆ, ನೀನು ಗುದ್ದಿದ್ಯಾ?" ಎಂದ. ಮತ್ತೆ ಯಾರನ್ನೂ ಕೇಳಲಿಲ್ಲ.

ಮುಂದಿನ ವಾರ ಶುಕ್ರವಾರ ಅವರು ಬರಲಿಲ್ಲ. ಬರದಿದ್ದುದಕ್ಕೆ ಸಮಾಧಾನವಾಗಲಿಲ್ಲ. ಹೈವೇಯಲ್ಲಿ ಆಂಬುಲೆನ್ಸ್ ಸದ್ದು ಕೇಳಿದರೆ ಎದ್ದು ಹೋಗಿ ನೋಡುತ್ತಿದ್ದೆ.

ಶನಿವಾರ ಮಧ್ಯಾಹ್ನ ಬಂದರು. ಪಕ್ಕದ ಸೀಟಿನಲ್ಲಿ ಮೊಮ್ಮಗಳು ಇದ್ದಳು. ಯೂನಿಫಾರ್ಮ್, ಕೊರಳಲ್ಲಿ ಸ್ಕೂಲಿನ ಕಾರ್ಡು. ಎಂಟು ವರ್ಷ ಇರಬಹುದು. ಸ್ಕೂಲು ಬಿಟ್ಟವರು ಮನೆಗೆ ಹೋಗದೆ ನೇರ ಇಲ್ಲಿಗೆ ಬಂದಿದ್ದರು. ಬೆಳಗ್ಗೆ ಹೊಸದಾಗಿ ಗೀರಾಗಿದೆ, ಸಂಜೆ ಮಗ ಬರುತ್ತಾನೆ.

"ಬೇಗ ಮಾಡೋ ತಮ್ಮಾ. ಐದು ಗಂಟೆಗೆ ಮನೇಲಿರ್ಬೇಕು."

ಚಕ್ರ ನೋಡಿದೆ. ಅಂಚು ಒಂದು ಕಡೆ ಒಳಕ್ಕೆ ಬಗ್ಗಿತ್ತು, ಟೈರಿನ ಪಕ್ಕ ಮೇಲ್ಮೇಲೆ ಸೀಳಿತ್ತು. ಇದು ಉಜ್ಜಿದ್ದಲ್ಲ, ಹತ್ತಿ ಇಳಿದದ್ದು. ಫುಟ್‌ಪಾತಿನ ಮೇಲೆ ಚಕ್ರ ಹತ್ತಿದೆ. ಸ್ಕೂಲು ಶುರುವಾಗುವ ಹೊತ್ತಿಗೆ ಫುಟ್‌ಪಾತಿನ ಮೇಲೆ ಯಾರಿರುತ್ತಾರೆ ಎಂದು ಹೇಳಬೇಕಾಗಿಲ್ಲ.

ಜಾಕ್ ಕೊಟ್ಟು ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದೆ. ಎಮರಿ ಕಾಗದ ತೆಗೆದುಕೊಳ್ಳಲಿಲ್ಲ. ಯಜಮಾನರು ಟೀ ಕುಡಿಯಲು ಎದುರಿನ ಹೋಟೆಲಿಗೆ ಹೋದರು. ಹುಡುಗಿ ಬರುವುದಿಲ್ಲ ಎಂದು ಸ್ಟೂಲಿನ ಮೇಲೆ ಕೂತಳು.

"ಅಂಕಲ್, ನಂಗೆ ಇವತ್ತು ಇಪ್ಪತ್ಮೂರು ಪಾಯಿಂಟು."

"ಎಂಥ ಪಾಯಿಂಟು?"

"ಅಜ್ಜಂದು ನಂದು ಆಟ. ಎಡಗಡೆ ಏನ್ ಬಂದ್ರೂ ನಾನು ಹೇಳ್ಬೇಕು. 'ಅಜ್ಜ ಎಮ್ಮೆ', 'ಅಜ್ಜ ಆಟೋ', 'ಅಜ್ಜ ಅಜ್ಜಿ ನಿಂತಿದಾರೆ' ಅಂತ. ಒಂದಕ್ಕೆ ಒಂದು ಪಾಯಿಂಟು. ನೂರಾದ್ರೆ ಐಸ್‌ಕ್ರೀಮು."

ಉಸ್ತಾದರ ಸುತ್ತಿಗೆ ನಿಂತಿತು.

"ಅಪ್ಪ ಅಮ್ಮಂಗೆ ಗೊತ್ತಾ ಈ ಆಟ?"

"ಹೇಳ್ಬಾರ್ದು. ಹೇಳಿದ್ರೆ ಪಾಯಿಂಟು ಜೀರೋ ಆಗತ್ತೆ." ಸ್ವಲ್ಪ ಹೊತ್ತು ಕಾಲು ಆಡಿಸಿ, ಸಣ್ಣ ದನಿಯಲ್ಲಿ ಹೇಳಿದಳು. "ಹೋದ್ಸಲ ನಂಗೆ ನಿದ್ದೆ ಬಂದ್ಬಿಟ್ಟಿತ್ತು. ಡಬ್ ಅಂತ ಸದ್ದಾಗಿ ಎಚ್ಚರ ಆಯ್ತು. ಅಜ್ಜ ಏನೂ ಇಲ್ಲ ಪುಟ್ಟಿ ಅಂದ್ರು. ನಾನು ಹಿಂದೆ ತಿರುಗಿ ನೋಡ್ಲಿಲ್ಲ."

ಉಸ್ತಾದ್ ಎದ್ದು ಕೈ ಒರೆಸಿಕೊಂಡರು. ಮೊಳೆಗೆ ನೇತುಹಾಕಿದ್ದ ಕಾರಿನ ಕೀ ತೆಗೆದು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. ನನ್ನ ಕಡೆ ನೋಡಿ, "ಆ ಕಾರ್ಡಲ್ಲಿ ನಂಬರ್ ಇರತ್ತೆ ನೋಡು" ಎಂದರು.

ತಂದೆ ಎಂದು ಬರೆದ ಕಡೆ ನಂಬರ್ ಇತ್ತು. ಹೊರಗೆ ಹೋಗಿ ಫೋನ್ ಮಾಡಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. "ನಿಮ್ಮ ತಂದೆಗೆ ಎಡಗಡೆ ಕಾಣ್ತಿಲ್ಲ. ನಿಮ್ಮ ಮಗಳು ಕಾರಲ್ಲಿ ಬಂದಿದಾಳೆ. ಇಬ್ರೂ ಚೆನ್ನಾಗಿದಾರೆ, ಭದ್ರಾವತಿಲಿದಾರೆ. ನಾವು ಕೀ ಕೊಡಲ್ಲ, ನೀವು ಬನ್ನಿ" ಎಂದೆ. ಅವನು ಬಸ್ಸಿನಲ್ಲಿದ್ದ, ಚನ್ನಗಿರಿ ದಾಟಿದ್ದ.

ಯಜಮಾನರು ಟೀ ಮುಗಿಸಿ ಬಂದರು. ಚಕ್ರ ಇನ್ನೂ ಗೋಡೆಗೇ ಒರಗಿತ್ತು.

"ಏನೋ, ಇನ್ನೂ ಶುರುವೇ ಮಾಡಿಲ್ವಾ?"

"ಮಾಡಲ್ಲ ಯಜಮಾನ್ರೇ. ಮಗಂಗೆ ಫೋನ್ ಮಾಡಿದೀನಿ."

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. "ನಿನ್ ಅಪ್ಪ ಹುಟ್ಟೋಕ್ಮುಂಚೆ ಸ್ಟೀರಿಂಗ್ ಹಿಡ್ದೋನು ನಾನು" ಎಂದರು. ಆಮೇಲೆ ಬೈದರು, ಬರೆಯಬಾರದ ಬೈಗುಳ. ಬೈಯುತ್ತಲೇ ಕೀಗಾಗಿ ಮೊಳೆಯ ಕಡೆ ಕೈ ಚಾಚಿದರು. ಮೊಳೆ ಖಾಲಿ ಇತ್ತು. ಹುಡುಗಿ ಅಳತೊಡಗಿದಳು. ಅವಳು ಅತ್ತದ್ದು ನೋಡಿ ಸುಮ್ಮನಾದರು. ಉಸ್ತಾದ್ ಸ್ಟೂಲ್ ಒರೆಸಿ ಮುಂದಿಟ್ಟರು. "ಕೂತ್ಕೊಳ್ಳಿ ಡ್ರೈವರ್ ಸಾಬ್. ನಿಮ್ಮ ಪದಕ ಹಂಗೇ ಇರ್ಲಿ ಅಂತ ಮಾಡ್ತಿರೋದು."

ಮಗ ಮುಕ್ಕಾಲು ಗಂಟೆಯಲ್ಲಿ ಬಂದ. ಮಗಳನ್ನು ಎತ್ತಿಕೊಂಡು ತಲೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿದ. ಆಮೇಲೆ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಬಗ್ಗಿದ ಅಂಚಿನ ಮೇಲೆ ಬೆರಳಾಡಿಸಿದ.

"ಎಷ್ಟನೇ ಸಲ ಇದು?" ಎಂದು ನನ್ನನ್ನು ಕೇಳಿದ.

"ಆರನೇದು."

"ಐದು ಸಲ ಒರೆಸಿ ಕೊಟ್ಟು ಈಗ ಹೇಳ್ತಿದೀಯ?"

ನೀಲಿ ಬಣ್ಣದ ವಿಷಯವನ್ನೂ ಹೇಳಿದೆ. ಹೇಳುವಾಗ ಯಜಮಾನರು ಕೇಳಿಸಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಸಿಟ್ಟು ಹೋಗಿ ಬೇರೇನೋ ಬಂತು.

ತಲೆಯೊಳಗೆ ರಕ್ತ ಕಟ್ಟಿಕೊಂಡು ಎರಡೂ ಕಣ್ಣಿಗೆ ಎಡಭಾಗದ ನೋಟ ಹೋಗಿದೆಯಂತೆ. ಕಣ್ಣಿಗೆ ಏನೂ ಆಗಿಲ್ಲ, ಹಾಗಾಗಿ ಕನ್ನಡಿಯಲ್ಲಿ ಗೊತ್ತಾಗುವುದಿಲ್ಲವಂತೆ. ಡಾಕ್ಟರ್ ಹಾಗೆ ಹೇಳಿದರು ಎಂದು ಮಗ ಆಮೇಲೆ ಫೋನಿನಲ್ಲಿ ಹೇಳಿದ. ಆ ದಿನ ನಮಗೆ ಅದೆಲ್ಲ ಗೊತ್ತಿರಲಿಲ್ಲ.

ಸ್ಟೆಪ್ನಿ ಹಾಕಿ ಕೊಟ್ಟೆ. ಮಗ ಸ್ಟೀರಿಂಗಿಗೆ ಕೂತ, ಹುಡುಗಿಯನ್ನು ಹಿಂದಿನ ಸೀಟಿಗೆ ಹಾಕಿದ. ಎಡಗಡೆ ಬಾಗಿಲು ತೆರೆದು, "ಅಪ್ಪಾಜಿ, ಹತ್ತಿ" ಎಂದ.

"ನೀನು ಮಗೂನ ಕರ್ಕೊಂಡು ಹೋಗು. ನಾನು ಬಸ್ಸಲ್ಲಿ ಬರ್ತೀನಿ."

"ಅಪ್ಪಾಜಿ..."

"ಹೋಗು ಅಂದೆ."

ಸ್ವಲ್ಪ ಹೊತ್ತು ಕಾದ. ಅವರು ಕದಲಲಿಲ್ಲ. ಮಗ ನನ್ನ ಕಡೆ ನೋಡಿದ. ನಾನು ಬಸ್ ಹತ್ತಿಸುತ್ತೇನೆ ಎಂದು ತಲೆಯಾಡಿಸಿದೆ. ಕಾರು ಹೋಯಿತು. ಹುಡುಗಿ ಹಿಂದಿನ ಗಾಜಿನಿಂದ ಕೈ ಬೀಸಿದಳು. ಅವರಿಗೆ ಕಾಣಿಸಿತೋ ಇಲ್ಲವೋ ಗೊತ್ತಿಲ್ಲ.

ಶಿವಮೊಗ್ಗ ಬಸ್ಸು ನಿಲ್ಲುವುದು ರಸ್ತೆಯ ಆಚೆ ಬದಿ. ಕೈ ಹಿಡಿಯಲು ಹೋದೆ, ಕೊಸರಿಕೊಂಡರು. ರಸ್ತೆ ಅಂಚಿಗೆ ಬಂದ ಮೇಲೆ ತಾವಾಗಿಯೇ, "ಈ ಕಡೆ ನಿಂತ್ಕೋ" ಎಂದು ನನ್ನನ್ನು ಎಡಕ್ಕೆ ಎಳೆದುಕೊಂಡರು. ಮರಳಿನ ಲಾರಿ ಹೋಗುವವರೆಗೆ ಕಾದು ದಾಟಿದೆವು.

ಬಸ್ಸು ತಡವಾಯಿತು. ಕಾಯುತ್ತ ನಿಂತಾಗ ಅವರೇ ಮಾತು ತೆಗೆದರು.

"ಆ ನೀಲಿ ಅಂದ್ಯಲ್ಲ. ಆವತ್ತು ಎಲ್ಲಿ ಬಂದೆ, ಏನ್ ನೋಡ್ದೆ ಅಂತ ನೆನಪು ಮಾಡ್ಕೋತಾ ಇದೀನಿ."

"ನೆನಪಾಯ್ತಾ?"

"ಆಲ್ಕೊಳ ಸರ್ಕಲ್ ನೆನಪಿದೆ. ಸೌತೆಕಾಯಿ ಗಾಡಿ, ಬ್ಯಾಂಡ್‌ಸೆಟ್ಟಿನೋರು, ಹಸಿರು ಸೀರೆ ಉಟ್ಕೊಂಡೋಳೊಬ್ಳು ಕೊಡೆ ಹಿಡ್ಕೊಂಡು ನಿಂತಿದ್ದು, ಎಲ್ಲ ನೆನಪಿದೆ ಕಣೋ." ಉಸಿರು ಎಳೆದುಕೊಂಡರು. "ಎಲ್ಲಾ ಬಲಗಡೇದೆ."

ಬಸ್ಸು ಬಂತು. ಹತ್ತಿಸಿದೆ. ಡ್ರೈವರ್ ಹಿಂದಿನ ಸೀಟು ಖಾಲಿ ಇತ್ತು. ಅಲ್ಲಿ ಕೂರದೆ ಹಿಂದಕ್ಕೆ ಹೋದರು.